ಗಗನನೌಕೆಗೂ ಒಂದು ಚೆಂಡೆ ಬೇಕು

ಮಕ್ಕಳೇ, ಮೊದಲು ನಿಮಗೊಂದು ಪ್ರಶ್ನೆ. ಚಂದ್ರನ ಮೇಲೆ ನಿಂತು ಚೆಂಡೆ ಬಾರಿಸಿದರೆ ನಾಲ್ಕು ಹೆಜ್ಜೆ ದೂರದಲ್ಲಿರುವ ಗೆಳೆಯನಿಗೆ ಕೇಳಿಸುತ್ತದೆಯೆ? ಇಲ್ಲ. ಸದ್ದು ಗಾಳಿಯನ್ನು ಅಲುಗಿಸುತ್ತಾ ನಮ್ಮ ಕಿವಿಯವರೆಗೆ ಬರುತ್ತದೆ. ಗಾಳಿಯೇ ಇಲ್ಲದ ಕಡೆ ಅದು ಯಾವ ದಾರಿಯಲ್ಲಿ ಬರಬೇಕು? ಆದ್ದರಿಂದ ಬಾಹ್ಯಾಕಾಶದಲ್ಲಿ ಎಷ್ಟು ದೊಡ್ಡ ನೌಕೆ ಸಾಗಿದರೂ ಹೊರಗಿನವರಿಗೆ ಪೂರ್ತಿ ನಿಶ್ಶಬ್ದ.

ಆದರೆ ಗಗನಯಾನದ ಸಿನಿಮಾಗಳನ್ನು ನೋಡಿ. ನೌಕೆ ಪರದೆಯ ಮೇಲೆ ಕಾಣುವ ಮೊದಲೇ ತುತ್ತೂರಿ ಮೊಳಗುತ್ತದೆ, ವಯಲಿನ್‌ಗಳು ಏಳುತ್ತವೆ. ವಿಜ್ಞಾನದ ಲೆಕ್ಕದಲ್ಲಿ ಇದು ಶುದ್ಧ ಸುಳ್ಳು. ನನಗೆ ಮಾತ್ರ ನಲವತ್ತು ವರ್ಷಗಳಿಂದ ಬಹಳ ಇಷ್ಟವಾದ ಸುಳ್ಳು.

ನಾನು ಸಂಗೀತ ಕಲಿತವನಲ್ಲ, ವಿಜ್ಞಾನ ಓದಿದವನೂ ಅಲ್ಲ. ಬಿ.ಕಾಂ. ಮುಗಿಸಿ ಮಂಗಳೂರಿನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಈಗ ವಯಸ್ಸು ಎಪ್ಪತ್ತನಾಲ್ಕು. ಈ ಪ್ರಾಯದವರು ಭಜನೆಯನ್ನೋ ಹಳೆಯ ಚಿತ್ರಗೀತೆಯನ್ನೋ ಕೇಳಬೇಕೆಂದು ಜನರ ಎಣಿಕೆ. ಅವನ್ನೂ ಕೇಳುತ್ತೇನೆ. ಆದರೆ ಬೆಳಿಗ್ಗೆ ಮಣ್ಣಗುಡ್ಡೆಯಿಂದ ವಾಕಿಂಗ್ ಹೊರಟಾಗ ಬಾಯಲ್ಲಿ ಗುನುಗುವುದು ಹೆಚ್ಚಾಗಿ ಯಾವುದಾದರೊಂದು ಗಗನನೌಕೆಯ ರಾಗ.

ಇದು ಶುರುವಾದದ್ದು 1980ರ ದಶಕದಲ್ಲಿ, ದೂರದರ್ಶನದಿಂದ. ಆಗ ನಮ್ಮ ವಠಾರಕ್ಕೆಲ್ಲ ಒಂದೇ ಟಿ.ವಿ. ಹಂಚಿನ ಮಾಡಿನ ಮೇಲೆ ಆಂಟೆನಾ. ಮಳೆಗಾಲದ ಗಾಳಿಗೆ ಅದು ತಿರುಗಿದರೆ ಒಬ್ಬರು ಏಣಿ ಹತ್ತಿ ಸರಿ ಮಾಡಬೇಕು, ಕೆಳಗಿನಿಂದ ನಾವೆಲ್ಲ ‘ಬಂತು, ಹೋಯ್ತು, ಈಗ ಬಂತು’ ಎಂದು ಕೂಗಬೇಕು. ಭಾನುವಾರ ಬೆಳಿಗ್ಗೆ ‘ಸ್ಟಾರ್ ಟ್ರೆಕ್’ ಬರುತ್ತಿತ್ತು. ಅಮೆರಿಕದಲ್ಲಿ 1966ರಲ್ಲಿ ಆರಂಭವಾದ ಆ ಧಾರಾವಾಹಿ ನಮಗೆ ತಲುಪುವಾಗ ಎರಡು ದಶಕ ತಡವಾಗಿತ್ತು. ಅದರ ಇಂಗ್ಲಿಷು ನಮ್ಮಲ್ಲಿ ಅನೇಕರಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ನನ್ನ ಅಮ್ಮನಿಗೆ ಒಂದು ಶಬ್ದವೂ ತಿಳಿಯುತ್ತಿರಲಿಲ್ಲ. ಆದರೆ ಶೀರ್ಷಿಕೆಯ ಸಂಗೀತ ಶುರುವಾದ ಕೂಡಲೇ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು.

“ಇದು ನಮ್ಮ ಆಟದ ಹಾಗೇ ಉಂಟಲ್ಲ ಮಗಾ. ಬರುವವ ಬರುವ ಮೊದಲೇ ಎಂತ ಬರ್ತದೆ ಅಂತ ಗೊತ್ತಾಗ್ತದೆ” ಎಂದಳು ಒಂದು ದಿನ.

ಆಟ ಅಂದರೆ ನಮ್ಮ ಕಡೆ ಯಕ್ಷಗಾನ. ತೆಂಕುತಿಟ್ಟಿನ ಬಯಲಾಟದಲ್ಲಿ ನಡುರಾತ್ರಿ ಬಣ್ಣದ ವೇಷ ಬರುವುದನ್ನು ನೋಡಿದವರಿಗೆ ಈ ಮಾತು ತಕ್ಷಣ ಅರ್ಥವಾಗುತ್ತದೆ. ರಾಕ್ಷಸ ಇನ್ನೂ ತೆರೆಯ ಹಿಂದೆ ಇರುತ್ತಾನೆ, ನಮಗೆ ಮುಖ ಕಂಡಿರುವುದಿಲ್ಲ. ಆದರೆ ಚೆಂಡೆಯ ಪೆಟ್ಟು ಏರುತ್ತಾ ಹೋಗುತ್ತದೆ, ನಡುವೆ ಆರ್ಭಟೆ ಕೇಳುತ್ತದೆ, ಅಜ್ಜಿಯ ಮಡಿಲಲ್ಲಿ ಮಲಗಿದ್ದ ಮಗು ಎದ್ದು ಕೂರುತ್ತದೆ. ತೆರೆ ಸರಿಯುವ ಹೊತ್ತಿಗೆ ಅಲ್ಲಿರುವುದು ಹಿಟ್ಟಿನ ಚುಟ್ಟಿ ಇಟ್ಟುಕೊಂಡ ನಮ್ಮೂರಿನ ಕಲಾವಿದರಲ್ಲ, ಸಾಕ್ಷಾತ್ ರಾಕ್ಷಸ. ಕಣ್ಣು ನಂಬುವುದಕ್ಕೆ ಮೊದಲು ಕಿವಿ ನಂಬಿಬಿಟ್ಟಿರುತ್ತದೆ.

ವಿಜ್ಞಾನದ ಕಥೆಗಳ ಸಂಗೀತವೂ ಇದೇ ಕೆಲಸ ಮಾಡುತ್ತದೆ. ಅನ್ಯಲೋಕವನ್ನು ಯಾರೂ ಕಂಡಿಲ್ಲ. ರಟ್ಟು, ಬಣ್ಣ, ಬೆಳಕು ಸೇರಿಸಿ ಕಟ್ಟಿದ ನೌಕೆಯನ್ನು ನಿಜವೆಂದು ಒಪ್ಪಿಸುವ ಹೊಣೆ ದೊಡ್ಡ ಪಾಲು ನಾದದ ಮೇಲೆ ಬೀಳುತ್ತದೆ. ಅಮ್ಮ ಹೇಳಿದ ಆ ಒಂದು ಮಾತಿನಿಂದ ನಾನು ಈ ಸಂಗೀತವನ್ನು ಮಾಡಿದವರು ಯಾರು, ಹೇಗೆ ಮಾಡಿದರು ಎಂದು ಹುಡುಕತೊಡಗಿದೆ.

‘ಸ್ಟಾರ್ ಟ್ರೆಕ್’ ರಾಗವನ್ನು ಕಟ್ಟಿದವರು ಅಲೆಕ್ಸಾಂಡರ್ ಕರೇಜ್. ಅದರಲ್ಲಿ ಮಾತಿಲ್ಲದೆ ಮೇಲೆ ಮೇಲೆ ಏರುವ ಹೆಣ್ಣುದನಿ ಲೂಲಿ ಜೀನ್ ನಾರ್ಮನ್ ಎಂಬ ಗಾಯಕಿಯದು. ಇನ್ನೊಂದು ಗಮ್ಮತ್ತು ಕೇಳಿ. ಶೀರ್ಷಿಕೆಯಲ್ಲಿ ನೌಕೆ ‘ಸುಂಯ್’ ಎಂದು ಹಾರಿಹೋಗುವ ಸದ್ದಿದೆಯಲ್ಲ, ಅದು ಯಂತ್ರದ್ದಲ್ಲ. ಕರೇಜ್ ಮೈಕಿನ ಮುಂದೆ ನಿಂತು ತಮ್ಮ ಬಾಯಿಂದಲೇ ಮಾಡಿದ್ದು! ನೀವು ಆಟಿಕೆ ವಿಮಾನ ಹಿಡಿದು ಓಡುವಾಗ ಮಾಡುತ್ತೀರಲ್ಲ, ಹಾಗೆಯೇ.

ಕಂಡಿರದ ಲೋಕಕ್ಕೆ ಸಂಗೀತ ಮಾಡಲು ಎರಡು ದಾರಿಗಳಿವೆ. ಮೊದಲನೆಯದು, ಯಾರೂ ಕೇಳಿರದ ನಾದವನ್ನೇ ಹುಡುಕುವುದು. ರಷ್ಯದ ಲಿಯೊ ಥೆರೆಮಿನ್ 1920ರ ಸುಮಾರಿಗೆ ಒಂದು ವಾದ್ಯ ಕಂಡುಹಿಡಿದರು. ಅದಕ್ಕೆ ತಂತಿಯಿಲ್ಲ, ಮನೆಯಿಲ್ಲ, ಮುಟ್ಟುವುದೂ ಇಲ್ಲ. ಎರಡು ಆಂಟೆನಾಗಳ ಬಳಿ ಗಾಳಿಯಲ್ಲಿ ಕೈ ಆಡಿಸಬೇಕು. ಒಂದು ಕೈಯಿಂದ ಶ್ರುತಿ ಏರಿಳಿಯುತ್ತದೆ, ಇನ್ನೊಂದರಿಂದ ದನಿ ಹೆಚ್ಚು ಕಡಿಮೆಯಾಗುತ್ತದೆ. 1951ರಲ್ಲಿ ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ ಚಿತ್ರದಲ್ಲಿ ಬರ್ನಾರ್ಡ್ ಹರ್ಮನ್ ಇಂಥ ಎರಡು ಥೆರೆಮಿನ್‌ಗಳನ್ನು ಬಳಸಿದರು. ದೆವ್ವ ಅಳುವಂತೆಯೂ ಹೆಂಗಸು ಹಾಡುವಂತೆಯೂ ಕೇಳುವ ಆ ನಾದ ಮುಂದೆ ಅನ್ಯಲೋಕದವರಿಗೆ ಕಾಯಂ ಆಯಿತು.

1956ರ ‘ಫರ್ಬಿಡನ್ ಪ್ಲಾನೆಟ್’ ಇನ್ನೂ ಮುಂದೆ ಹೋಯಿತು. ಲೂಯಿ ಬ್ಯಾರನ್ ಮತ್ತು ಬೀಬಿ ಬ್ಯಾರನ್ ಎಂಬ ದಂಪತಿ ತಾವೇ ವಿದ್ಯುತ್ ಸರ್ಕ್ಯೂಟುಗಳನ್ನು ಕಟ್ಟಿ, ಅವು ಕೂಗಿ ಒರಲಿ ಸುಟ್ಟುಹೋಗುವವರೆಗೂ ಹೊರಟ ಸದ್ದನ್ನು ಟೇಪಿನಲ್ಲಿ ಹಿಡಿದು, ಇಡೀ ಚಿತ್ರಕ್ಕೆ ಹೊಂದಿಸಿದರು. ಒಂದೇ ಒಂದು ಸಾಮಾನ್ಯ ವಾದ್ಯವೂ ಅದರಲ್ಲಿಲ್ಲ. ಆದರೆ ಹೆಸರುಗಳ ಪಟ್ಟಿಯಲ್ಲಿ ಅವರ ಕೆಲಸಕ್ಕೆ ‘ಸಂಗೀತ’ ಎಂಬ ಶಬ್ದ ಸಿಗಲಿಲ್ಲ. ‘ಎಲೆಕ್ಟ್ರಾನಿಕ್ ನಾದಗಳು’ ಎಂಬರ್ಥದ ಮಾತು ಹಾಕಿದರು.

ಇಂಗ್ಲೆಂಡಿನ ಬಿ.ಬಿ.ಸಿ.ಯಲ್ಲಿ 1963ರಲ್ಲಿ ‘ಡಾಕ್ಟರ್ ಹೂ’ ಆರಂಭವಾದಾಗ ರಾನ್ ಗ್ರೇನರ್ ರಾಗದ ಸ್ವರಗಳನ್ನು ಬರೆದುಕೊಟ್ಟರು. ಅದನ್ನು ನಾದವಾಗಿಸಿದವರು ಡೀಲಿಯಾ ಡರ್ಬಿಶೈರ್, ಕೇಂಬ್ರಿಜ್‌ನಲ್ಲಿ ಗಣಿತ ಮತ್ತು ಸಂಗೀತ ಓದಿದ ತರುಣಿ. ಕೀಬೋರ್ಡ್ ಒತ್ತಿದರೆ ಎಲ್ಲ ಸದ್ದೂ ಬರುವ ಕಾಲ ಅದಲ್ಲ. ಒಂದು ತಂತಿಯನ್ನು ಮೀಟಿದ ಸದ್ದು, ಪರೀಕ್ಷೆಯ ಯಂತ್ರಗಳು ಹೊರಡಿಸುವ ಸ್ವರ ಇತ್ಯಾದಿಗಳನ್ನು ಟೇಪಿನಲ್ಲಿ ಹಿಡಿದು, ವೇಗ ಬದಲಿಸಿ ಶ್ರುತಿ ಏರಿಸಿ ಇಳಿಸಿ, ಪ್ರತಿ ಸ್ವರಕ್ಕೂ ಬೇಕಾದಷ್ಟೇ ಉದ್ದ ಅಳೆದು ಬ್ಲೇಡಿನಿಂದ ಕತ್ತರಿಸಿ ಅಂಟಿಸಿದರು. ಕೇಳಿದ ಗ್ರೇನರ್‌ಗೆ ಇದು ತಾನೇ ಬರೆದ ರಾಗವೇ ಎಂದು ಆಶ್ಚರ್ಯವಾಯಿತಂತೆ. ಕೀರ್ತಿಯಲ್ಲಿ ಆಕೆಗೂ ಪಾಲು ಕೊಡಬೇಕೆಂದು ಅವರು ಕೇಳಿದರೂ ಅಂದಿನ ನಿಯಮ ಒಪ್ಪಲಿಲ್ಲ. ಡರ್ಬಿಶೈರ್ 2001ರಲ್ಲಿ ತೀರಿಕೊಂಡರು. ಧಾರಾವಾಹಿಯ ಪರದೆಯ ಮೇಲೆ ರಾಗದ ಜೊತೆ ಅವರ ಹೆಸರು ಬಂದದ್ದು 2013ರ ಸುವರ್ಣ ಮಹೋತ್ಸವದ ಕಂತಿನಲ್ಲಿ. ಐವತ್ತು ವರ್ಷ ಬಾಕಿ ಉಳಿದ ಒಂದು ಜಮೆ! ಲೆಡ್ಜರ್ ಬರೆದ ಕೈಯಾದ್ದರಿಂದ ನನಗೆ ಈ ಸಂಗತಿ ಮನಸ್ಸಿನಿಂದ ಹೋಗುವುದೇ ಇಲ್ಲ.

ಎರಡನೆಯ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಕಣ್ಣಿಗೆ ಕಾಣುವುದು ಹೊಸದಾಗಿದ್ದರೆ ಕಿವಿಗೆ ಹಳೆಯದನ್ನು ಕೊಡುವುದು. 1968ರಲ್ಲಿ ಸ್ಟ್ಯಾನ್ಲಿ ಕ್ಯೂಬ್ರಿಕ್ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದಲ್ಲಿ ನೌಕೆಗಳು ತೇಲುವ ದೃಶ್ಯಕ್ಕೆ ಸುಮಾರು ನೂರು ವರ್ಷ ಹಳೆಯದಾದ, ಯೋಹಾನ್ ಸ್ಟ್ರಾಸ್ ಬರೆದ ನೃತ್ಯಸಂಗೀತವನ್ನು ಇಟ್ಟರು. ಕಬ್ಬಿಣದ ನೌಕೆಗಳು ಮದುವೆಮನೆಯಲ್ಲಿ ಕುಣಿಯುವ ಹಾಗೆ ಕಾಣುತ್ತವೆ. 1977ರ ‘ಸ್ಟಾರ್ ವಾರ್ಸ್’ಗೆ ಜಾನ್ ವಿಲಿಯಮ್ಸ್ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ದೊಡ್ಡ ಮೇಳವನ್ನೇ ಕೂರಿಸಿದರು. ನಾಯಕನಿಗೊಂದು ರಾಗ, ರಾಜಕುಮಾರಿಗೊಂದು ರಾಗ. ಆಸ್ಕರ್ ಪ್ರಶಸ್ತಿಯೂ ಬಂತು. ಅದೇ ವರ್ಷ ಅವರು ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್’ ಚಿತ್ರಕ್ಕೂ ಸಂಗೀತ ಕೊಟ್ಟರು. ಅದರಲ್ಲಿ ಮನುಷ್ಯರೂ ಅನ್ಯಲೋಕದವರೂ ಮೊದಲು ಮಾತಾಡಿಕೊಳ್ಳುವುದು ಐದು ಸ್ವರಗಳ ಒಂದು ಪುಟ್ಟ ತುಣುಕಿನಿಂದ. ನಮ್ಮ ಮೋಹನ ರಾಗ ಕಲಿತ ಮಕ್ಕಳಿಗೆ ಆ ಸ್ವರಗಳೆಲ್ಲ ಗುರುತಿನವೇ. ಹಾರ್ಮೋನಿಯಂ ಇದ್ದರೆ ಹುಡುಕಿ ನುಡಿಸಿ ನೋಡಿ.

ನಮ್ಮವರೇನು ಹಿಂದೆ ಬಿದ್ದಿಲ್ಲ. ‘ಹಾಲು ಜೇನು’ ನಿರ್ದೇಶಿಸಿದ ಸಿಂಗೀತಂ ಶ್ರೀನಿವಾಸ ರಾವ್ 1991ರಲ್ಲಿ ತೆಲುಗಿನಲ್ಲಿ ‘ಆದಿತ್ಯ 369’ ಮಾಡಿದರು. ಅದರಲ್ಲಿ ಕಾಲಯಂತ್ರ ಒಮ್ಮೆ ಕೃಷ್ಣದೇವರಾಯನ ಆಸ್ಥಾನಕ್ಕೆ ಹೋಗುತ್ತದೆ, ಮತ್ತೊಮ್ಮೆ 2504ನೇ ಇಸವಿಗೆ. ಎರಡೂ ಕಾಲಕ್ಕೆ ಸಂಗೀತ ಕೊಡುವ ಕೆಲಸ ಇಳಯರಾಜಾ ಅವರದು. ಕನ್ನಡದ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಪಳಗಿದವರು ಅವರು.

ಇನ್ನು ನಮ್ಮ ಮಂಗಳೂರಿನ ಪಾಲು. 2002ರಲ್ಲಿ ದಿನೇಶ್ ಬಾಬು ನಿರ್ದೇಶನದ ‘ಹಾಲಿವುಡ್’ ಬಂತು. ಉಪೇಂದ್ರ ಅವರದು ಮೂರು ಪಾತ್ರ, ಅದರಲ್ಲಿ ಒಂದು ಮನುಷ್ಯರೂಪದ ಯಂತ್ರ. ಸಂಗೀತ ನಮ್ಮೂರಿನ ಗುರುಕಿರಣ್ ಅವರದು. 1998ರಲ್ಲಿ ‘ಎ’ ಚಿತ್ರದ ಮೂಲಕ ಸಂಗೀತ ನಿರ್ದೇಶಕರಾದವರು. ಹೊರದೇಶದ ಚಿತ್ರಗಳಲ್ಲಿ ಯಂತ್ರಮಾನವನಿಗೆ ಹಿನ್ನೆಲೆ ಸಂಗೀತ ಸಾಕು. ನಮ್ಮಲ್ಲಿ ಹಾಡು ಬೇಕು, ಕುಣಿತ ಬೇಕು. 2010ರಲ್ಲಿ ಎ.ಆರ್. ರೆಹಮಾನ್ ಸಂಗೀತದ ತಮಿಳಿನ ‘ಎಂದಿರನ್’ ಬಂದಾಗ ಅಲ್ಲಿಯೂ ಹಾಗೆಯೇ. ಕೆಲವರು ಇದನ್ನು ಗೇಲಿ ಮಾಡುತ್ತಾರೆ. ನನಗೇನೋ ಇದು ಸರಿಯೇ ಅನ್ನಿಸುತ್ತದೆ. ಯಂತ್ರಕ್ಕೆ ಮನಸ್ಸು ಹುಟ್ಟಿತು ಎಂದು ತೋರಿಸುವುದಕ್ಕೆ ಹಾಡಿಗಿಂತ ಹತ್ತಿರದ ದಾರಿ ನಮ್ಮವರಿಗೆ ಯಾವುದಿದೆ?

ಇಷ್ಟೂ ಕಟ್ಟುಕಥೆಯ ಮಾತಾಯಿತು. ಈಗ ನಿಜವಾದ ಗಗನನೌಕೆಯ ಸಂಗೀತ ಕೇಳಿ. ‘ಸ್ಟಾರ್ ವಾರ್ಸ್’ ಬಂದ ಅದೇ 1977ರಲ್ಲಿ ಅಮೆರಿಕ ಎರಡು ವಾಯೇಜರ್ ನೌಕೆಗಳನ್ನು ಹಾರಿಸಿತು. ಎರಡರಲ್ಲೂ ಚಿನ್ನದ ಲೇಪದ ತಾಮ್ರದ ಗ್ರಾಮಫೋನ್ ತಟ್ಟೆ ಇದೆ, ಯಾರಾದರೂ ಸಿಕ್ಕಿದರೆ ಕೇಳಲಿ ಎಂದು. ಅದರಲ್ಲಿ ಗೋವೆಯಲ್ಲಿ ಹುಟ್ಟಿದ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ಇದೆ, ಸುಮಾರು ಮೂರೂವರೆ ನಿಮಿಷ. ವಾಯೇಜರ್ 1 ಹೊರಟದ್ದು ಸೆಪ್ಟೆಂಬರ್ 5ರಂದು; ಕೇಸರಬಾಯಿ ತೀರಿಕೊಂಡದ್ದು ಅದೇ ತಿಂಗಳ 16ರಂದು. ಐವತ್ತೈದು ಭಾಷೆಗಳ ಶುಭಾಶಯಗಳೂ ಅದರಲ್ಲಿವೆ, ನಮ್ಮ ಕನ್ನಡವೂ ಒಂದು. ಇವತ್ತು ಆ ನೌಕೆ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಅಷ್ಟು ದೂರದಲ್ಲಿ, ಸದ್ದೇ ಇಲ್ಲದ ಕತ್ತಲೆಯಲ್ಲಿ, ಕನ್ನಡದ ನಾಲ್ಕು ಮಾತು ಹೋಗುತ್ತಾ ಇದೆ.

ಕೊನೆಗೆ ಸ್ವಲ್ಪ ಮನೆಯ ವಿಷಯ. ಎರಡು ವರ್ಷದ ಹಿಂದೆ ನನ್ನ ಕಿವಿ ಪರೀಕ್ಷೆ ಮಾಡಿಸಿದೆವು. ಡಾಕ್ಟರು ಒಂದು ನಕ್ಷೆ ತೋರಿಸಿದರು. ಎಡದಿಂದ ಬಲಕ್ಕೆ ಹೋಗುತ್ತಾ ಗೆರೆ ಕೆಳಗೆ ಕೆಳಗೆ ಇಳಿದಿತ್ತು. ವಯಸ್ಸಾದ ಹಾಗೆ ಎತ್ತರದ ಸ್ವರಗಳು ಮೊದಲು ಹೋಗುತ್ತವೆ. ಮಕ್ಕಳ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ನಮ್ಮಂಥವರ ಮಿತಿ ಅದಕ್ಕಿಂತ ಎಷ್ಟೋ ಕೆಳಗೆ. ಶ್ರವಣಯಂತ್ರ ಹಾಕಿಕೊಂಡಿದ್ದೇನೆ, ಮಾತು ಚೆನ್ನಾಗಿ ಕೇಳುತ್ತದೆ. ಆದರೆ ‘ಸ್ಟಾರ್ ಟ್ರೆಕ್’ನ ಆ ಹೆಣ್ಣುದನಿ ಈಗ ಉಳಿದ ವಾದ್ಯಗಳ ಜೊತೆ ಕಲಸಿಹೋಗುತ್ತದೆ. ಅಲ್ಲಿ ಇದೆ ಎಂದು ಗೊತ್ತು, ಬೇರೆ ಮಾಡಿ ಹಿಡಿಯಲು ಆಗುವುದಿಲ್ಲ.

ಎಂಟನೇ ಕ್ಲಾಸಿನ ಮೊಮ್ಮಗಳು ನನ್ನ ಜೊತೆ ಕೂತು ಧಾರಾವಾಹಿ ನೋಡುತ್ತಾಳೆ. ಈಗಿನ ಟಿ.ವಿ.ಯಲ್ಲಿ ಶೀರ್ಷಿಕೆ ಬಂದ ಕೂಡಲೇ ಅದನ್ನು ಹಾರಿಸಿಬಿಡುವ ಗುಂಡಿಯೂ ಬರುತ್ತದೆ.

“ಇದು ಸ್ಕಿಪ್ ಮಾಡ್ಲಿಕ್ಕೆ ಉಂಟು ಅಜ್ಜ, ಮಾಡ್ಲಾ?” ಎಂದಳು.

“ಬೇಡ. ನೀನು ಕೇಳಿ ಎಂತ ಉಂಟು ಅಂತ ನನಗೆ ಹೇಳು” ಎಂದೆ.

ಅಂದಿನಿಂದ ಅದೇ ರೂಢಿ. “ಈಗ ಹೆಂಗಸಿನ ಸ್ವರ ಮೇಲೆ ಹೋಯ್ತು ಅಜ್ಜ... ಈಗ ಕೊಳಲು ಸೇರಿತು” ಎಂದು ಅವಳು ಹೇಳುತ್ತಾಳೆ. ನಾನು ಅದನ್ನು ಕಟ್ಟಿದವರು ಯಾರು, ಯಾವ ವರ್ಷ ಎಂದು ಹೇಳುತ್ತೇನೆ. ಅವಳ ಕಿವಿ, ನನ್ನ ನೆನಪು. ಬ್ಯಾಂಕಿನ ಭಾಷೆಯಲ್ಲಿ ಇದು ಜಂಟಿ ಖಾತೆ. ಒಬ್ಬರ ಬಳಿ ಕಡಿಮೆಯಾದದ್ದನ್ನು ಇನ್ನೊಬ್ಬರು ತುಂಬುತ್ತಾರೆ.

ಓದುಗ ಅಜ್ಜ ಅಜ್ಜಿಯಂದಿರೇ, ನೀವೂ ಇಂಥ ಒಂದು ಖಾತೆ ತೆರೆಯಬಹುದು. ಖರ್ಚಿಲ್ಲ. ಮುಂದಿನ ಸಲ ಮಕ್ಕಳ ಜೊತೆ ಇಂಥ ಚಿತ್ರ ನೋಡುವಾಗ ಮೊದಲ ಒಂದು ನಿಮಿಷ ಕಣ್ಣು ಮುಚ್ಚಿ ಕೇಳಿ. ಬರುವುದು ಗೆಳೆಯನೋ ವೈರಿಯೋ, ನೌಕೆ ದೊಡ್ಡದೋ ಸಣ್ಣದೋ, ಊಹಿಸಿ. ಆಮೇಲೆ ಕಣ್ಣು ತೆರೆದು ಸರಿಯಾಯಿತೇ ನೋಡಿ. ಪಿಲಿಕುಳದಲ್ಲಿ 2018ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತಾರಾಲಯಕ್ಕೆ ಹೋದಾಗಲೂ ತಲೆಯ ಮೇಲಿನ ನಕ್ಷತ್ರಗಳನ್ನು ನೋಡುತ್ತಾ ಕಿವಿಯನ್ನೂ ತೆರೆದಿಡಿ.

ಮಕ್ಕಳೇ, ನಿಮಗೊಂದು ಕೆಲಸ. ನಿಮ್ಮ ಕಿವಿಗೆ ಈಗ ಕೇಳುವಷ್ಟು ಮನೆಯಲ್ಲಿ ಬೇರೆ ಯಾರಿಗೂ ಕೇಳುವುದಿಲ್ಲ. ಆ ಗುಂಡಿ ಒತ್ತುವ ಮೊದಲು ಪಕ್ಕದಲ್ಲಿ ಕೂತವರಿಗೆ ನಿಮಗೆ ಕೇಳಿದ್ದನ್ನು ಹೇಳಿ.