ಎರಡು ಊರಿನ ಹೊತ್ತು, ಒಂದೇ ಗಡಿಯಾರ

ನಮ್ಮಲ್ಲಿ ಬೆಳಿಗ್ಗೆ ಒಂಬತ್ತೂವರೆ ಆದಾಗ ಗ್ರೀನಿಚ್ ಕಾಲಮಾನದಲ್ಲಿ ನಸುಕಿನ ನಾಲ್ಕು. ಈ ಎರಡನ್ನೂ ಒಟ್ಟಿಗೆ ತೋರಿಸುವ ಕೈಗಡಿಯಾರವಿದೆಯೇ?

ಇದೆ. 1950ರ ದಶಕದ ನಡುವಿನಲ್ಲಿ ಸ್ವಿಟ್ಜರ್ಲೆಂಡಿನ ರೋಲೆಕ್ಸ್ ಕಂಪನಿ ‘ಜಿಎಂಟಿ-ಮಾಸ್ಟರ್’ ಹೊರತಂದಿತು. ಖಂಡದಿಂದ ಖಂಡಕ್ಕೆ ಹಾರುತ್ತಿದ್ದ ಪಾನ್ ಆಮ್ ಸಂಸ್ಥೆಯ ಪೈಲಟ್‌ಗಳು ಅದನ್ನು ಕಟ್ಟಿಕೊಂಡರು. ಮಾಮೂಲಿ ಮೂರು ಮುಳ್ಳುಗಳ ಜೊತೆ ಅದರಲ್ಲಿ ನಾಲ್ಕನೆಯದೊಂದಿದೆ. ಅದು ದಿನಕ್ಕೆ ಒಂದೇ ಸುತ್ತು ಬರುತ್ತದೆ. ಅಂದರೆ ಗಂಟೆಗೆ 15 ಡಿಗ್ರಿ, ಭೂಮಿ ತಿರುಗುವಷ್ಟೇ! ಅಂಚಿನ ಬಳೆಯ ಮೇಲೆ 24 ಗಂಟೆಗಳ ಗುರುತು. ಹಗಲಿಗೆ ಕೆಂಪು, ಇರುಳಿಗೆ ನೀಲಿ.

ಇಂದಿನ 40 ಮಿಲಿಮೀಟರ್ ಅಗಲದ ಮಾದರಿಯನ್ನು ಕೈಗೆ ಕಟ್ಟಿ ನೋಡಿದರೆ ಉಕ್ಕಿನ ಭಾರ ತಿಳಿಯುತ್ತದೆ. ಆದರೂ ಕಣ್ಣಿಗೆ ಗೊಂದಲವಿಲ್ಲ. ದೂರದ ಊರಿನಲ್ಲಿ ಹಗಲೋ ಇರುಳೋ ಎಂಬುದನ್ನು ಬಣ್ಣವೇ ಹೇಳುತ್ತದೆ. ಇಷ್ಟಕ್ಕೆ ಪೂರ್ಣ ಅಂಕ ಕೊಡಬಹುದು.

ತೊಡಕಿರುವುದು ನಮ್ಮ ಅರ್ಧ ಗಂಟೆಯಲ್ಲಿ. ಭಾರತದ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು. 15ರಿಂದ ಭಾಗಿಸಿದರೆ ಐದೂವರೆ ಗಂಟೆ. ಗಡಿಯಾರದಲ್ಲಿರುವ ನಿಮಿಷದ ಮುಳ್ಳು ಮಾತ್ರ ಒಂದೇ. ಎರಡೂ ಊರಿಗೆ ಅದು ಒಂದೇ ನಿಮಿಷ ತೋರಿಸುತ್ತದೆ. ಉಳಿದ ಮೂವತ್ತು ನಿಮಿಷವನ್ನು ಮನಸ್ಸಿನಲ್ಲೇ ಕೂಡಿಸಿ ಕಳೆಯಬೇಕು. ಲಕ್ಷಗಟ್ಟಲೆ ರೂಪಾಯಿ ತೆತ್ತರೂ ಈ ಲೆಕ್ಕ ತಪ್ಪದು.

ಈಗ ಅಜ್ಜನ ಹಳೆಯ ಎಚ್‌ಎಂಟಿ ಗಡಿಯಾರವನ್ನು ಸರಿಯಾಗಿ ಒಂಬತ್ತೂವರೆಗೆ ತಲೆಕೆಳಗಾಗಿ ಹಿಡಿದು ನೋಡಿ. ನಿಮಿಷದ ಮುಳ್ಳು ಹನ್ನೆರಡರ ಜಾಗದಲ್ಲಿದೆ, ಗಂಟೆಯ ಮುಳ್ಳು ಮೂರು ನಾಲ್ಕರ ನಡುವೆ. ಹೆಚ್ಚುಕಡಿಮೆ ಗ್ರೀನಿಚ್ ಸಮಯವೇ ಸಿಕ್ಕಿತಲ್ಲ! ಗಂಟೆಯ ಮುಳ್ಳು ನಾಲ್ಕನ್ನು ಮುಟ್ಟಲಿಲ್ಲವೇಕೆ? ಐದೂವರೆ ಗಂಟೆಗೆ ಅದು ಸರಿಯುವುದು 165 ಡಿಗ್ರಿ; ನಾವು ತಿರುಗಿಸಿದ್ದು 180. ಉಳಿದದ್ದನ್ನು ಮಕ್ಕಳೇ ಬಿಡಿಸಲಿ.