ಹಾಸಿಗೆ ಹೊತ್ತು ಆಡಿದ ವನಿತೆಯರು

ಬಸವೇಶ್ವರನಗರದ ಬೀದಿಗಳಲ್ಲಿ ಇಂದು ಬಾಲಕಿಯರು ಕ್ರಿಕೆಟ್ ಬ್ಯಾಟು ಹಿಡಿದು ನಿಂತರೆ ಯಾರೂ ಮೂಗಿನ ಮೇಲೆ ಬೆರಳಿಡುವುದಿಲ್ಲ. ಈ ಸ್ವಾತಂತ್ರ್ಯವು ಸುಲಭವಾಗಿ ದೊರೆತುದಲ್ಲ. 1976ರ ಅಕ್ಟೋಬರ್ 31ರಂದು ಇದೇ ಬೆಂಗಳೂರಿನಲ್ಲಿ ಭಾರತದ ವನಿತೆಯರ ತಂಡವು ವೆಸ್ಟ್ ಇಂಡೀಸ್ ವಿರುದ್ಧ ತನ್ನ ಪ್ರಥಮ ಟೆಸ್ಟ್ ಪಂದ್ಯಕ್ಕಿಳಿಯಿತು. ನಾಯಕಿ, ನಮ್ಮ ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ. ಆಸನ ಕಾದಿರಿಸದ ರೈಲುಡಬ್ಬಿಗಳಲ್ಲಿ ಪಯಣಿಸಿ, ಹಾಸಿಗೆಯ ಸುರುಳಿಯನ್ನು ತಾವೇ ಹೊತ್ತು, ಸಾಮೂಹಿಕ ಕೊಠಡಿಗಳಲ್ಲಿ ಮಲಗಿ ಆಡಿದವರು ಅವರು! ಅದೇ ಸರಣಿಯಲ್ಲಿ, ಪಾಟ್ನಾದಲ್ಲಿ, ಪ್ರಥಮ ಜಯವು ಒಲಿಯಿತು. 1977ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 108 ರನ್ನು ಗಳಿಸಿದ ಶಾಂತಾ, ಟೆಸ್ಟ್ ಶತಕ ಬಾರಿಸಿದ ಪ್ರಥಮ ಭಾರತೀಯ ಮಹಿಳೆಯೆನಿಸಿದರು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ನಮ್ಮ ವನಿತೆಯರು ವಿಶ್ವಕಪ್ ಗೆದ್ದಾಗ, ಅಂದು ಹಾಸಿಗೆ ಹೊತ್ತವರ ಶ್ರಮವೂ ಸಾರ್ಥಕವಾಯಿತು.