ಪೆಂಫಿಗಸ್ ಎಂಬ ಗುಳ್ಳೆರೋಗವೂ ಅದರ ಉಪದ್ರವಗಳೂ

ಶಿಡ್ಲಘಟ್ಟದಲ್ಲಿ ರೇಷ್ಮೆನೂಲು ಬಿಚ್ಚುವವರ ಬೆರಳುಗಳು ಬಿಸಿನೀರಿನಿಂದ ಬೊಬ್ಬೆಯೇಳುವುದು ಹೊಸತಲ್ಲ. ಕಾರಣವು ಕಣ್ಣೆದುರಿಗೇ ಇರುವುದರಿಂದ ಯಾರಿಗೂ ದಿಗಿಲಿಲ್ಲ. ಕಾರಣವೇ ತೋರದೆ ಏಳುವ ಗುಳ್ಳೆಗಳ ಮಾತು ಬೇರೆ. ಗೌರಿಬಿದನೂರು, ಚಿಂತಾಮಣಿಗಳ ಕಡೆ ಅವನ್ನು 'ಅಮ್ಮ'ವೆಂದೋ ಸರ್ಪಸುತ್ತೆಂದೋ ಎಣಿಸಿ ಬೇವಿನಸೊಪ್ಪು, ಕೆಮ್ಮಣ್ಣುಗಳಲ್ಲಿ ದಿನ ಕಳೆಯುವವರುಂಟು. ಅಪರೂಪವಾಗಿ ಅದು ಪೆಂಫಿಗಸ್ ಆಗಿದ್ದರೆ ಈ ವಿಳಂಬವು ಪ್ರಾಣಕ್ಕೇ ಸಂಚಕಾರ. ಗ್ರೀಕರ ನುಡಿಯಲ್ಲಿ ಈ ಹೆಸರಿಗೆ ಗುಳ್ಳೆಯೆಂದೇ ಅರ್ಥ.

ಶರೀರರಕ್ಷಣೆಗಾಗಿ ಇರತಕ್ಕ ಪ್ರತಿಕಾಯಗಳೇ ಇಲ್ಲಿ ದಾರಿತಪ್ಪಿ, ಚರ್ಮದ ಜೀವಕೋಶಗಳನ್ನು ಬೆಸೆದಿರುವ ಡೆಸ್ಮೋಗ್ಲೀನ್ ಎಂಬ ವಸ್ತುವನ್ನು ಕೆಡಿಸುತ್ತವೆ. ಬಹುಮಂದಿಗೆ ಮೊದಲು ಬಾಯಿ ಹುಣ್ಣಾಗುವುದು. ಸಾರಿನ ಖಾರವಿರಲಿ, ಮುದ್ದೆ ನುಂಗುವುದೂ ಯಾತನೆ. ವಾರಗಟ್ಟಲೆ ಮಾಯದ ಬಾಯಿಹುಣ್ಣನ್ನು 'ಉಷ್ಣ'ವೆಂದು ತಳ್ಳಿಬಿಡಬಾರದು.

ಒಂದು ವ್ಯಾಧಿಯ ಬೆನ್ನಿಗೆ ಹುಟ್ಟುವ ತೊಂದರೆಗಳನ್ನು ನಮ್ಮ ಆಯುರ್ವೇದವು ಉಪದ್ರವಗಳೆನ್ನುತ್ತದೆ. ಈ ರೋಗದಲ್ಲಿ ಕೊಲ್ಲುವುದು ಹೆಚ್ಚಾಗಿ ಅವೇ. ಗುಳ್ಳೆಯೊಡೆದ ಹಸಿಗಾಯದಿಂದ ನೀರು, ಲವಣ, ಸಸಾರಜನಕಗಳು ಸೋರಿಹೋಗುತ್ತವೆ. ರೋಗಾಣುಗಳು ಒಳಹೊಕ್ಕು ರಕ್ತವನ್ನೇ ನಂಜಾಗಿಸುತ್ತವೆ. ಬಟ್ಟೆ ಗಾಯಕ್ಕಂಟದಂತೆ ಬಾಳೆಯೆಲೆಯ ಮೇಲೆ ಮಲಗಿಸುವ ಪದ್ಧತಿಯನ್ನು ನಮ್ಮ ದೇಶದ ಆಸ್ಪತ್ರೆಗಳೂ ಅನುಸರಿಸಿವೆ. ಅಜ್ಜಿಯರು ಕೇಳಿದರೆ ಹಿಗ್ಗಿಯಾರು!

1950ರ ಸುಮಾರಿಗೆ ಸ್ಟೀರಾಯ್ಡ್ ಔಷಧಗಳು ಬರುವ ಮುನ್ನ ಬದುಕಿದವರೇ ವಿರಳ. ಆ ಮೇಲೆ ಔಷಧದ ಉಪದ್ರವಗಳು ಬೇರೆ ಸೇರಿದವು: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂಳೆಸವೆತ, ಕಣ್ಣಿನ ಪೊರೆ, ಅಡಗಿದ್ದ ಕ್ಷಯವೂ ಕೆರಳಬಹುದು. ಅದಕ್ಕೆ ಹೆದರಿ ಮಾತ್ರೆಯನ್ನು ಥಟ್ಟನೆ ಬಿಡುವುದು ಮತ್ತೂ ಅಪಾಯ. ಬಹುದಿನ ಔಷಧ ಸೇವಿಸಿದ ದೇಹವು ತನ್ನ ಸ್ವಂತ ಸ್ಟೀರಾಯ್ಡನ್ನು ಮಾಡುವುದನ್ನು ಮರೆತಿರುತ್ತದೆ. ದಿಲ್ಲಿಯ ಏಮ್ಸ್‌ನಲ್ಲಿ ಡಾಕ್ಟರ್ ಪಸ್ರೀಚಾ ಅವರು 1980ರ ದಶಕದ ಆರಂಭದಲ್ಲಿ, ತಿಂಗಳಿಗೊಮ್ಮೆ 3 ದಿನ ಮಾತ್ರ ದೊಡ್ಡ ಪ್ರಮಾಣದ ಸ್ಟೀರಾಯ್ಡನ್ನು ರಕ್ತನಾಳಕ್ಕೆ ಕೊಡುವ ಕ್ರಮವನ್ನು ರೂಢಿಗೆ ತಂದುದು ಈ ಸಂಕಟವನ್ನು ಕಂಡೇ. ಈಚೆಗೆ ರಿಟುಕ್ಸಿಮ್ಯಾಬ್ ಬಂದಿದೆ. 2018ರಲ್ಲಿ ಅಮೆರಿಕದ ಸರಕಾರವೂ ಅದನ್ನು ಈ ರೋಗಕ್ಕೆ ಅಂಗೀಕರಿಸಿತು.

ಚಿಕ್ಕಬಳ್ಳಾಪುರದವರಿಗೆ ಬೆಂಗಳೂರು 60 ಕಿಲೋಮೀಟರಿನಷ್ಟೇ. ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಗುಳ್ಳೆಯಂಚಿನ ಚರ್ಮದ ಚೂರನ್ನು ಪರೀಕ್ಷಿಸಿದರೆ ರೋಗನಿರ್ಣಯವಾಗುವುದು.

ಇದು ಅಂಟುರೋಗವಲ್ಲ. ಸೊಸೆಗೆ ತಟ್ಟೆಲೋಟ ಬೇರೆಮಾಡುವುದು, ಅವಳನ್ನು ತೌರಿಗಟ್ಟುವುದು ಕೇವಲ ಅನ್ಯಾಯವೆಂದು ನಮ್ಮ ಅಭಿಪ್ರಾಯ. ರೋಗವಿರುವ ಬಸುರಿಯು ಈ ಸಂಗತಿಯನ್ನು ಹೆರಿಗೆಯ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ತಾಯ ರಕ್ತದ ಪ್ರತಿಕಾಯಗಳು ದಾಟಿಬಂದು ಕೂಸಿಗೆ ಗುಳ್ಳೆಗಳೇಳುವುದುಂಟು. ಅವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವಾಗಿಯೇ ಮಾಯುತ್ತವೆ.